ಎಡಬರಿಗೆ ಒತ್ತಿದ ಮುಷ್ಟಿ

ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಚಕ್ಕಡಿಗೆ ಎಲ್ಲಕ್ಕಿಂತ ಮೊದಲು ಏರುವುದು ಕಣಿಕಿಯ ಸಿವುಡು. ರೊಟ್ಟಿಯ ಗಂಟು, ಪಾತ್ರೆ, ಕೌದಿ, ಮಕ್ಕಳು ಎಲ್ಲ ಆಮೇಲೆ. ದಾರಿಯಲ್ಲಿ ಮೇವು ಸಿಗುವುದಿಲ್ಲವೆಂದಲ್ಲ, ಸಿಗುತ್ತದೆ. ಆದರೂ ಮನೆಯ ಬಣವಿಯಿಂದ ಹಿರಿದದ್ದೇ ಆಗಬೇಕು. ಯಾಕೆಂದು ಕೇಳಿದರೆ ಹಿರಿಯರ ಉತ್ತರ ಒಂದೇ ಸಾಲಿನದು: “ಮೇವು ಬದಲಾದ್ರ ಎತ್ತಿನ ಹೊಟ್ಟಿ ಕೆಡತೈತ್ರಿ. ಅದರ ಹೊಟ್ಟಿಗೆ ರೂಢಿ ಬೀಳಾಕ ದಿನಾ ಬೇಕು.”

ಹೊಟ್ಟೆಗೂ ರೂಢಿ ಎಂಬುದಿದೆ ಎನ್ನುವ ಈ ಮಾತನ್ನು ನಾನು ಬಹಳ ಗೌರವದಿಂದ ಕೇಳುತ್ತೇನೆ. ವಿಜ್ಞಾನಿಗಳು ಅದನ್ನು ಗಾಜಿನ ಕೊಳವೆಯಲ್ಲಿ ತೋರಿಸಿಕೊಡಲು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಮನುಷ್ಯರ ಆಸ್ಪತ್ರೆಗೆ ಆ ತಿಳಿವಳಿಕೆ ಬಂದದ್ದು ಅದಕ್ಕೂ ತಡವಾಗಿ. ಅದರಲ್ಲಿ ಬಹಳಷ್ಟು ಬಂದದ್ದು ದನ, ಕುರಿ, ಮೇಕೆಗಳ ಹೊಟ್ಟೆಯನ್ನು ಓದುವ ಕಸುಬಿನ ದಾರಿಯಿಂದ. ಆ ಕಸುಬನ್ನು ಇಲ್ಲಿ ಸಾವಕಾಶವಾಗಿ ನೋಡೋಣ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಪಡುವಣದಿಂದ ಮೂಡಣಕ್ಕೆ ಹೋದ ಹಾಗೆ ಮಳೆ ಕಡಿಮೆಯಾಗುತ್ತದೆ, ಗ್ವಾದಲಿಯ ಮೇವೂ ಬದಲಾಗುತ್ತದೆ. ಕಿತ್ತೂರಿನ ಮಗ್ಗುಲಲ್ಲಿ ಭತ್ತದ ಹುಲ್ಲು. ಬೈಲಹೊಂಗಲದ ಎರಿ ಹೊಲಗಳ ನಡುವೆ ಕಬ್ಬಿನ ತುದಿ, ಹತ್ತಿಕಾಳು. ಸವದತ್ತಿಯಲ್ಲಿ ಬಿಳಿಜೋಳದ ಕಣಿಕಿ, ಕಡಲಿ ಹೊಟ್ಟು. ರಾಮದುರ್ಗದ ಕಲ್ಲುಗುಡ್ಡಗಳ ಕಡೆ ಕುರಿ ಹಿಂಡಿಗೆ ಸಿಕ್ಕ ಕಂಟಿ, ಗರಿಕೆ, ಕೊಯ್ದ ಹೊಲದ ಕೂಳೆ. ಕೆಲವೇ ತಾಸಿನ ದಾರಿಯಲ್ಲಿ ನಾಲ್ಕು ಬಗೆಯ ಹೊಟ್ಟೆಗಳು.

ದಂದಕ್ಕಿಯಲ್ಲಿ ಪಳಗಿದ ಕೈ ಮೊದಲು ಹೋಗುವುದು ಎತ್ತಿನ ಎಡಬರಿಗೆ. ಕೊನೆಯ ಪಕ್ಕೆಲುಬಿನ ಹಿಂದೆ ಒಂದು ಗುಳಿ ಇದೆ. ಅಲ್ಲಿ ಮುಷ್ಟಿ ಒತ್ತಿ ಸುಮ್ಮನೆ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಏನೋ ಉರುಳಿ ಬಂದು ಮುಷ್ಟಿಯನ್ನು ಹೊರಗೆ ತಳ್ಳುತ್ತದೆ, ಮತ್ತೆ ಇಳಿಯುತ್ತದೆ. ಎರಡು ನಿಮಿಷಕ್ಕೆ ಮೂರು ಸಲದ ಹಾಗೆ ತಳ್ಳಿದರೆ ಹೊಟ್ಟೆ ಸರಿಯಿದೆ ಎಂದರ್ಥ. ತಳ್ಳುವುದು ನಿಂತಿದ್ದರೆ ಒಳಗಿನ ಕೆಲಸ ನಿಂತಿದೆ. ಬೆರಳಿನಿಂದ ಬಡಿದಾಗ ಹಲಗೆಯಂತೆ ದನಿ ಬಂದರೆ ಉಬ್ಬರ. ಒತ್ತಿದ ಗುಳಿ ನಾದಿದ ಹಿಟ್ಟಿನ ಹಾಗೆ ಹಾಗೇ ಉಳಿದರೆ ಮೇವು ಗಟ್ಟಿಕಟ್ಟಿದೆ. ಮೆಲುಕನ್ನೂ ಎಣಿಸುತ್ತಾರೆ. ಒಂದು ತುತ್ತಿಗೆ ಐವತ್ತು, ಅರವತ್ತು ಸಲ ದವಡೆ ಆಡಬೇಕು. ಮೂವತ್ತಕ್ಕೇ ನುಂಗಿದರೆ ಏನೋ ಸರಿಯಿಲ್ಲ. ಮೂಗಿನ ತೇವ, ಹೆಂಡಿಯ ಹದ, ಅದರ ವಾಸನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮುಷ್ಟಿಯ ಅಡಿಯಲ್ಲಿರುವುದು ರೂಮೆನ್ ಎಂಬ ಮೊದಲ ಹೊಟ್ಟೆ. ದೊಡ್ಡ ದನದಲ್ಲಿ ಅದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಒಳಗೆ ಸುಮಾರು 39 ಡಿಗ್ರಿ ಶಾಖ, ಕತ್ತಲೆ, ಆಮ್ಲಜನಕ ಇಲ್ಲವೇ ಇಲ್ಲ ಎನ್ನಬಹುದು. ಅಲ್ಲಿಯ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿ ಬ್ಯಾಕ್ಟೀರಿಯಾ, ಲಕ್ಷಗಟ್ಟಲೆ ಪ್ರೊಟೊಜೋವಾ. ಕಣಿಕಿಯ ನಾರನ್ನು ಒಡೆಯುವ ಕಿಣ್ವ ಎತ್ತಿನ ಸ್ವಂತದ್ದಲ್ಲ, ಈ ಜೀವಿಗಳದು. ಅವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಚಿಕ್ಕ ಆಮ್ಲಗಳನ್ನು ಬಿಡುತ್ತವೆ. ನೇಗಿಲು ಎಳೆಯುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಈ ಆಮ್ಲಗಳಿಂದ ಬರುತ್ತದೆ. ಅಂದರೆ ರೈತ ಗ್ವಾದಲಿಗೆ ಕಣಿಕಿ ಹಾಕಿದಾಗ ಮೊದಲು ಉಣ್ಣುವುದು ಎತ್ತಿನೊಳಗಿನ ಈ ಸಂಸಾರ, ಎತ್ತು ಉಣ್ಣುವುದು ಅದರ ನಂತರ. ಹಿರಿಯರು ಹೇಳುವ ‘ರೂಢಿ’ ಈ ಸಂಸಾರದ್ದು. ಕಣಿಕಿಗೆ ಹೊಂದಿದ ಜೀವಿಗಳು ಬೇರೆ, ಕಾಳಿಗೆ ಹೊಂದಿದವು ಬೇರೆ. ಒಂದರ ಸಂಖ್ಯೆ ಇಳಿದು ಇನ್ನೊಂದರದು ಏರಲು ದಿನಗಳು ಬೇಕು.

ಕೈಗೆ ತಿಳಿಯದ್ದನ್ನು ತಿಳಿಯಲು ಪಶುವೈದ್ಯರು ಬಾಯಿಯಿಂದ ಕೊಳವೆ ಇಳಿಸಿ ಸ್ವಲ್ಪ ರಸ ತೆಗೆಯುತ್ತಾರೆ. ಆ ರಸವನ್ನು ಓದುವ ಕ್ರಮ ನನಗೆ ತುಂಬ ಇಷ್ಟ, ಯಾಕೆಂದರೆ ಅದರಲ್ಲಿ ಯಂತ್ರಕ್ಕಿಂತ ಇಂದ್ರಿಯಗಳ ಕೆಲಸ ಹೆಚ್ಚು. ಮೊದಲು ಬಣ್ಣ. ಹಸಿ ಮೇವು ತಿಂದದ್ದರದು ಹಸಿರು, ಕಣಿಕಿ ತಿಂದದ್ದರದು ಕಂದು ಮಿಶ್ರಿತ ಹಸಿರು. ಹಾಲಿನಂಥ ಬೂದುಬಣ್ಣ ಕಂಡರೆ ಕಾಳು ಹೆಚ್ಚಾಗಿದೆ. ಆಮೇಲೆ ವಾಸನೆ. ಸರಿಯಿರುವ ರಸಕ್ಕೆ ಒಂದು ಘಮಲು ಇರುತ್ತದೆ, ಕೆಟ್ಟದ್ದು ಹುಳಿ ಹೊಡೆಯುತ್ತದೆ ಅಥವಾ ಕೊಳೆತು ನಾರುತ್ತದೆ. ಗಾಜಿನ ಲೋಟದಲ್ಲಿ ಇಟ್ಟರೆ ಚಿಕ್ಕ ಕಣಗಳು ತಳಕ್ಕೆ ಇಳಿಯಬೇಕು, ನಾರಿನ ಚೂರುಗಳು ಗಾಳಿಗುಳ್ಳೆ ಕಟ್ಟಿಕೊಂಡು ಮೇಲೆ ತೇಲಬೇಕು. ಮೇಲೆ ತೇಲಿತೆಂದರೆ ಹುದುಗು ಜೀವಂತವಾಗಿದೆ. ನಂತರ ಒಂದಿಷ್ಟು ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸುತ್ತಾರೆ. ಬ್ಯಾಕ್ಟೀರಿಯಾಗಳು ಚುರುಕಾಗಿದ್ದರೆ ಮೂರರಿಂದ ಆರು ನಿಮಿಷದೊಳಗೆ ಆ ನೀಲಿಯನ್ನು ಅಳಿಸಿಬಿಡುತ್ತವೆ. ಹದಿನೈದು ನಿಮಿಷ ಕಳೆದರೂ ನೀಲಿ ಉಳಿದರೆ ಒಳಗಿನ ಸಂಸಾರ ಬಳಲಿದೆ. ಕೊನೆಗೆ ಬೆಚ್ಚಗಿನ ಗಾಜಿನ ಮೇಲೆ ಒಂದು ಹನಿ, ಸೂಕ್ಷ್ಮದರ್ಶಕದ ಕೆಳಗೆ. ದೊಡ್ಡ, ನಡುವಿನ, ಸಣ್ಣ ಪ್ರೊಟೊಜೋವಾಗಳು ಜಾತ್ರೆಯ ಜನರಂತೆ ಓಡಾಡುತ್ತಿರಬೇಕು. ರೋಗ ಬಂದಾಗ ಮೊದಲು ಸಾಯುವುದು ದೊಡ್ಡವು.

ಒಳಗಿನವರು ಸತ್ತಿದ್ದರೆ ಔಷಧಿಯೊಂದರಿಂದ ಸಾಲದು, ಹೊಸಬರನ್ನು ಕರೆತರಬೇಕು. ಅದೇ ಮೇವು ತಿನ್ನುವ, ರೋಗವಿಲ್ಲದ ಇನ್ನೊಂದು ದನದಿಂದ ಮೂರು ನಾಲ್ಕು ಲೀಟರ್ ರಸ ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಬಿಸಿ ಆರದಂತೆ ಮುಚ್ಚಿ, ಗಾಳಿ ತಾಗುವ ಮೊದಲು ರೋಗಿಯ ಹೊಟ್ಟೆಗೆ ಇಳಿಸುತ್ತಾರೆ. ತಡಮಾಡಿದರೆ ದಾರಿಯಲ್ಲೇ ಸಾಯುತ್ತವೆ. ಸ್ವೀಡನ್ನಿನ ರೈತರು ಹದಿನೆಂಟನೆಯ ಶತಮಾನದಲ್ಲೇ ಮೆಲುಕು ಹಾಕುತ್ತಿದ್ದ ದನದ ಬಾಯಿಂದ ತುತ್ತು ತೆಗೆದು ಮೆಲುಕು ನಿಲ್ಲಿಸಿದ ದನಕ್ಕೆ ತಿನ್ನಿಸುತ್ತಿದ್ದರು.

ಈಗ ಮನುಷ್ಯರ ಆಸ್ಪತ್ರೆಗೆ ಬನ್ನಿ. 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯರು, ಆ್ಯಂಟಿಬಯಾಟಿಕ್ ನಂತರ ಕರುಳು ಕೆಟ್ಟು ಸಾವಿನಂಚಿಗೆ ಹೋಗಿದ್ದ ನಾಲ್ವರಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಎನಿಮಾ ಮೂಲಕ ಕೊಟ್ಟು ಉಳಿಸಿದರು. ಹೇಸಿಗೆಯೆನಿಸಿ ಬಹುಕಾಲ ಅದನ್ನು ಹೆಚ್ಚು ಜನ ಮುಂದುವರಿಸಲಿಲ್ಲ. 2013ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಕ್ರಮಬದ್ಧವಾಗಿ ಪರೀಕ್ಷಿಸಿದರು. ಕ್ಲಾಸ್ಟ್ರಿಡಿಯಮ್ ಡಿಫಿಸಿಲೆ ಎಂಬ ಹಟಮಾರಿ ಕರುಳು ಸೋಂಕು ಮರುಕಳಿಸುತ್ತಿದ್ದ 16 ರೋಗಿಗಳಲ್ಲಿ 13 ಮಂದಿ ಒಂದೇ ಸಲದ ಮಲ ವರ್ಗಾವಣೆಯಿಂದ ಗುಣವಾದರು. ವ್ಯಾಂಕೋಮೈಸಿನ್ ಎಂಬ ಪ್ರಬಲ ಔಷಧವನ್ನಷ್ಟೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಅಂತರ ಎಷ್ಟು ದೊಡ್ಡದಿತ್ತೆಂದರೆ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ದಾನಿಯನ್ನು ಆರಿಸುವ ಎಚ್ಚರವೂ ದಂದಕ್ಕಿಯಲ್ಲಿದ್ದಂತೆಯೇ ಇರಬೇಕು. 2019ರಲ್ಲಿ ಸರಿಯಾಗಿ ಪರೀಕ್ಷಿಸದ ದಾನಿಯ ಮಲದಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೇರಿ ಅಮೆರಿಕದಲ್ಲಿ ಒಬ್ಬ ರೋಗಿ ತೀರಿಕೊಂಡ.

ರಾಶಿಯ ಕಾಲದ ಒಂದು ಅನಾಹುತ ಈ ಭಾಗದ ಪ್ರತಿ ಊರಿಗೂ ಗೊತ್ತು. ಕಣದಲ್ಲಿ ಜೋಳದ ರಾಶಿ ಬಿದ್ದಿರುತ್ತದೆ, ರಾತ್ರಿ ಹಗ್ಗ ಸಡಿಲವಾಗಿ ಎತ್ತು ರಾಶಿಗೆ ಬಾಯಿ ಹಾಕುತ್ತದೆ. ಬೆಳಗಾಗುವಷ್ಟರಲ್ಲಿ ತೂರಾಡುತ್ತಿರುತ್ತದೆ, ಸಂಜೆಗೆ ಏಳಲಾರದು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ಬಕೆಟ್ ತುಂಬ ಇಟ್ಟಾಗಲೂ ಆಗುವುದು ಇದೇ. ಪಿಷ್ಟ ಒಮ್ಮೆಲೇ ಸಿಕ್ಕಾಗ ಕೆಲವು ಬ್ಯಾಕ್ಟೀರಿಯಾಗಳು ಹುಚ್ಚೆದ್ದು ಬೆಳೆದು ಲ್ಯಾಕ್ಟಿಕ್ ಆಮ್ಲ ಸುರಿಯುತ್ತವೆ, ಉಳಿದವು ಆ ಹುಳಿಯಲ್ಲಿ ಸಾಯುತ್ತವೆ. ಈ ಆಮ್ಲಕ್ಕೆ ಬಲಗೈ, ಎಡಗೈಯಂತೆ ಎರಡು ರೂಪಗಳಿವೆ: ಎಲ್ ಮತ್ತು ಡಿ. ಎಲ್ ರೂಪವನ್ನು ದೇಹ ಬೇಗ ಸುಟ್ಟುಕೊಳ್ಳುತ್ತದೆ, ಡಿ ರೂಪ ರಕ್ತದಲ್ಲಿ ಉಳಿಯುತ್ತದೆ. ದನಗಳ ಈ ಕಾಯಿಲೆಯಲ್ಲಿ ಡಿ ರೂಪದ ಪಾತ್ರವನ್ನು ಡನ್‌ಲಪ್ ಮತ್ತು ಹ್ಯಾಮಂಡ್ 1965ರಲ್ಲಿ ವಿವರಿಸಿದರು.

ಹದಿನಾಲ್ಕು ವರ್ಷದ ನಂತರ, 1979ರಲ್ಲಿ, ನ್ಯೂಯಾರ್ಕಿನ ವೈದ್ಯರ ಮುಂದೆ ಒಬ್ಬ ಮನುಷ್ಯ ಬಂದ. ಶಸ್ತ್ರಚಿಕಿತ್ಸೆಯಲ್ಲಿ ಸಣ್ಣಕರುಳಿನ ಬಹುಭಾಗ ಕಳೆದುಕೊಂಡಿದ್ದವನು. ಕುಡಿಯದಿದ್ದರೂ ಕುಡಿದವನಂತೆ ಗೊಂದಲಗೊಳ್ಳುತ್ತಿದ್ದ, ರಕ್ತ ಹುಳಿಯಾಗಿತ್ತು, ಮಾಮೂಲಿ ಲ್ಯಾಕ್ಟಿಕ್ ಆಮ್ಲದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಏಕೆಂದರೆ ಆ ಪರೀಕ್ಷೆ ಹಿಡಿಯುವುದು ಎಲ್ ರೂಪವನ್ನಷ್ಟೇ. ಡಿ ರೂಪವನ್ನು ಹುಡುಕಿದಾಗ ಸಿಕ್ಕಿತು. ಜೀರ್ಣವಾಗದ ಪಿಷ್ಟ, ಸಕ್ಕರೆ ನೇರ ದೊಡ್ಡಕರುಳಿಗೆ ಇಳಿದು ಅಲ್ಲಿ ನಮ್ಮ ಕಣದ ಎತ್ತಿನ ಕಥೆಯೇ ನಡೆದಿತ್ತು. ಮನುಷ್ಯನಲ್ಲಿ ಇದು ಮೊದಲ ವರದಿ. ಪಶುವೈದ್ಯರ ಪುಸ್ತಕದಲ್ಲಿ ಆ ಹೊತ್ತಿಗೆ ಅದು ಹಳೆಯ ಪಾಠ.

ರೂಮೆನ್ನಿನ ಈ ಜೀವಿಗಳನ್ನು ಹೊರಗೆ ಬೆಳೆಸಿ ನೋಡುವುದು ಬೇರೆಯೇ ಕಲೆ. ಗಾಳಿ ತಾಗಿದರೆ ಸಾಯುವುದನ್ನು ಗಾಜಿನಲ್ಲಿ ಸಾಕುವುದು ಹೇಗೆ? ಅಮೆರಿಕದ ರಾಬರ್ಟ್ ಹಂಗೇಟ್ ಮೊದಲು ಗೆದ್ದಲಿನ ಹೊಟ್ಟೆಯನ್ನು ಅಭ್ಯಾಸ ಮಾಡಿದವರು, ಆಮೇಲೆ ದನಕ್ಕೆ ಬಂದರು. ಕಾದ ತಾಮ್ರದ ಮೇಲೆ ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಅದರಲ್ಲಿ ಉಳಿದ ಆಮ್ಲಜನಕದ ಕುರುಹನ್ನೂ ತೆಗೆದರು. ಆ ಅನಿಲದ ಸಣ್ಣ ಧಾರೆಯನ್ನು ಕೊಳವೆಯೊಳಗೆ ಬಿಡುತ್ತಲೇ ಕರಗಿದ ಅಗರ್ ಮತ್ತು ಹನಿ ರಸ ಸೇರಿಸಿ, ರಬ್ಬರ್ ಬಿರಡೆಯನ್ನು ಅನಿಲದ ಕೊಳವೆ ಹೊರಬರುವ ಕ್ಷಣಕ್ಕೆ ಸರಿಯಾಗಿ ಒತ್ತಿ, ತಣ್ಣೀರಿನಲ್ಲಿ ಕೊಳವೆಯನ್ನು ಅಡ್ಡಲಾಗಿ ಉರುಳಿಸುತ್ತಿದ್ದರು. ಅಗರ್ ಒಳಗೋಡೆಗೆ ತೆಳ್ಳಗೆ ಹರಡಿ ಗಟ್ಟಿಯಾಗುತ್ತಿತ್ತು. ದಿನಗಳ ನಂತರ ಅದರ ಮೇಲೆ ಚುಕ್ಕೆಚುಕ್ಕೆಯಾಗಿ ವಸಾಹತುಗಳು. ಬೆರಳಿನ ಆ ಸಮಯಪ್ರಜ್ಞೆ ರಾಮದುರ್ಗ, ಸುರೇಬಾನದ ನೇಕಾರರು ಲಾಳಿ ಎಸೆಯುವಾಗ ತೋರುವಂಥದ್ದು. ಓದಿ ಬರುವುದಲ್ಲ, ಕುಳಿತು ಕಲಿಯಬೇಕು. 1966ರಲ್ಲಿ ಹಂಗೇಟ್ ತಮ್ಮ ಜೀವಮಾನದ ತಿಳಿವಳಿಕೆಯನ್ನು ರೂಮೆನ್ ಕುರಿತ ದೊಡ್ಡ ಗ್ರಂಥವಾಗಿ ತಂದರು. ಮನುಷ್ಯನ ಕರುಳಿನ ಬ್ಯಾಕ್ಟೀರಿಯಾಗಳನ್ನು 1970ರ ದಶಕದಲ್ಲಿ ಎಣಿಸಲು ಕುಳಿತವರು ಕೈಗೆತ್ತಿಕೊಂಡದ್ದು ಈ ಉರುಳು ಕೊಳವೆಯನ್ನೇ.

ಇನ್ನು ಬೈಲಹೊಂಗಲದ ಕಬ್ಬಿಗೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ.

ಕಬ್ಬು ಕಡಿಯುವ ತಿಂಗಳುಗಳಲ್ಲಿ ದಾರಿಯ ತುಂಬ ಹಸಿರು ತುದಿಗಳ ಹೊರೆ. ಬೇಸಿಗೆಯ ಮುಂಚೆ ಅಷ್ಟು ಹಸಿಮೇವು ಬೇರೆಲ್ಲಿ ಸಿಗಬೇಕು? ಎಮ್ಮೆಗಳು ಆಸೆಯಿಂದ ತಿನ್ನುತ್ತವೆ. ಆದರೆ ಕಬ್ಬಿನ ತುದಿಯಲ್ಲಿ ಆಕ್ಸಲೇಟ್ ಎಂಬ ಲವಣವಿದೆ. ಭತ್ತದ ಹುಲ್ಲಿನಲ್ಲೂ, ನೇಪಿಯರ್ ಹುಲ್ಲಿನಲ್ಲೂ ಇದೆ. ಅದು ಕ್ಯಾಲ್ಸಿಯಂ ಕಂಡರೆ ಬಿಡುವುದಿಲ್ಲ, ಅಂಟಿಕೊಂಡು ಕರಗದ ಹರಳಾಗಿ ಹೆಂಡಿಯಲ್ಲಿ ಹೊರಗೆ ಹೋಗುತ್ತದೆ. ತಿಂಗಳುಗಟ್ಟಲೆ ಬರೀ ತುದಿ ಹಾಕಿದ ಹಯನಿನ ಎಮ್ಮೆಗೆ ಕ್ಯಾಲ್ಸಿಯಂ ಸಾಲದಾಗುತ್ತದೆ. ಅದಕ್ಕೇ ಪಶುವೈದ್ಯರು ತುದಿಯ ಜೊತೆ ಕಣಿಕಿ ಬೆರೆಸಿ, ಖನಿಜ ಮಿಶ್ರಣ ಕೊಡಿ ಎನ್ನುವುದು. ಅದಕ್ಕೇ ಬಲ್ಲವರು ಹಂಗಾಮಿನ ಆರಂಭದಲ್ಲಿ ತುದಿಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು. ನಿಧಾನವಾಗಿ ಹೆಚ್ಚಿಸಿದರೆ ಆಶ್ಚರ್ಯವೊಂದು ನಡೆಯುತ್ತದೆ: ಮೊದಲಿಗೆ ಪ್ರಾಣ ತೆಗೆಯಬಲ್ಲ ಪ್ರಮಾಣದ ಆಕ್ಸಲೇಟನ್ನೂ ಕುರಿ, ದನ ತಾಳಿಕೊಳ್ಳುತ್ತವೆ.

ಯಾಕೆ ಎಂದು ಬೆನ್ನುಹತ್ತಿದವರು ಅಮೆರಿಕದ ಐಯೋವಾ ರಾಜ್ಯದ ಏಮ್ಸ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿರೋಗ ಕೇಂದ್ರದ ಮಿಲ್ಟನ್ ಆ್ಯಲಿಸನ್ ಮತ್ತು ಸಂಗಡಿಗರು. ಕುರಿಯ ರೂಮೆನ್ನಿನಿಂದ ಅವರು ಒಂದು ವಿಚಿತ್ರ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಸಕ್ಕರೆ ಕೊಟ್ಟರೆ ಮುಟ್ಟದು, ಪಿಷ್ಟ ಕೊಟ್ಟರೆ ಬೇಡ. ಆಕ್ಸಲೇಟ್ ಒಂದೇ ಅದರ ಅನ್ನ. ತಿಂದು ಫಾರ್ಮಿಕ್ ಆಮ್ಲ ಬಿಡುವುದರಿಂದ 1985ರಲ್ಲಿ ಅದಕ್ಕೆ ಆಕ್ಸಲೋಬ್ಯಾಕ್ಟರ್ ಫಾರ್ಮಿಜೆನಿಸ್ ಎಂದು ಹೆಸರಿಟ್ಟರು. ಆಕ್ಸಲೇಟ್ ನಿಧಾನವಾಗಿ ಹೆಚ್ಚಿದಂತೆ ಈ ಜೀವಿಗಳೂ ಹೆಚ್ಚುತ್ತವೆ. ಹಿರಿಯರ ‘ರೂಢಿ’ಗೆ ಹೀಗೊಂದು ಹೆಸರು ಸಿಕ್ಕಿತು. ಅದೇ ಜೀವಿ ಮನುಷ್ಯರ ದೊಡ್ಡಕರುಳಿನಲ್ಲೂ ಸಿಕ್ಕಿತು.

ಮನುಷ್ಯರಲ್ಲಿ ಅದಕ್ಕೇನು ಕೆಲಸ? ಮೂತ್ರಪಿಂಡದ ಹರಳುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಕರುಳಿನಲ್ಲಿ ಆಕ್ಸಲೇಟ್ ತಿನ್ನುವವರಿದ್ದರೆ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಹೋಗುವುದು ಕಡಿಮೆಯಾಗಬೇಕು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹರಳು ಮರುಕಳಿಸುವ 247 ರೋಗಿಗಳ ಪೈಕಿ ಶೇಕಡಾ 17 ಜನರಲ್ಲಿ ಮಾತ್ರ ಈ ಬ್ಯಾಕ್ಟೀರಿಯಾ ಇತ್ತು. ಹರಳಿಲ್ಲದ 259 ಜನರಲ್ಲಿ ಶೇಕಡಾ 38 ಮಂದಿಯಲ್ಲಿತ್ತು. ಕೆಲವು ಆ್ಯಂಟಿಬಯಾಟಿಕ್‌ಗಳು ಅದನ್ನು ಕರುಳಿನಿಂದ ಅಳಿಸಿಬಿಡುತ್ತವೆ ಎಂಬುದೂ ಗೊತ್ತಾಗಿದೆ. ಹಾಗಾದರೆ ಅದನ್ನೇ ಮಾತ್ರೆ ಮಾಡಿ ನುಂಗಿಸಿದರಾಯಿತಲ್ಲ? ಹುಟ್ಟಿನಿಂದಲೇ ದೇಹದಲ್ಲಿ ಆಕ್ಸಲೇಟ್ ವಿಪರೀತ ತಯಾರಾಗುವ ಅಪರೂಪದ ಕಾಯಿಲೆಯವರ ಮೇಲೆ ಅಂಥ ಪ್ರಯೋಗಗಳು ನಡೆದವು, ನಿರೀಕ್ಷಿಸಿದ ಫಲ ಸಿಗಲಿಲ್ಲ. ಕುರಿಯ ಮೊದಲ ಹೊಟ್ಟೆಯಲ್ಲಿ ಹುದುಗು ಮೊದಲು, ಜೀರ್ಣ ಆಮೇಲೆ. ನಮ್ಮಲ್ಲಿ ಹುದುಗುವ ದೊಡ್ಡಕರುಳು ದಾರಿಯ ತುದಿಯಲ್ಲಿದೆ. ಪ್ರಾಣಿಯಿಂದ ಕಲಿತದ್ದನ್ನು ಮನುಷ್ಯನಿಗೆ ಹೊಂದಿಸುವಾಗ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಎಮ್ಮೆಯ ಖನಿಜ ಮಿಶ್ರಣದ ಪಾಠ ಮಾತ್ರ ಮನುಷ್ಯರಲ್ಲೂ ನಿಂತಿತು, ಸ್ವಲ್ಪ ತಿರುಗಿಸಿಕೊಂಡು. ಹರಳಿನಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಹಾಲು ಮೊಸರು ಬಿಡಿ ಎಂದು ವೈದ್ಯರು ಹೇಳುತ್ತಿದ್ದ ಕಾಲವಿತ್ತು. ಇಟಲಿಯ ಪಾರ್ಮಾದ ವೈದ್ಯರು 120 ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಬರೆದರು: ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಹರಳು ಮರಳಿತು. ಕ್ಯಾಲ್ಸಿಯಂ ಎಂದಿನಷ್ಟೇ ಇಟ್ಟು ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ. ಕರುಳಿನಲ್ಲೇ ಕ್ಯಾಲ್ಸಿಯಂ ಸಿಕ್ಕರೆ ಆಕ್ಸಲೇಟ್ ಅಲ್ಲೇ ಅದಕ್ಕೆ ಕಟ್ಟಿಬಿದ್ದು ಹೊರಗೆ ಹೋಗುತ್ತದೆ, ಮೂತ್ರಪಿಂಡದವರೆಗೆ ಬರುವುದಿಲ್ಲ. ಎಮ್ಮೆಗೆ ನಷ್ಟ ತರುವ ರಸಾಯನ ಮನುಷ್ಯನಿಗೆ ರಕ್ಷಣೆಯಾಗುತ್ತದೆ. ನಮ್ಮ ತಾಟಿನಲ್ಲಿ ಆಕ್ಸಲೇಟ್ ತುಂಬಿದ ಪಾಲಕ ಪಲ್ಯದ ಮಗ್ಗುಲಿಗೆ ಗಟ್ಟಿ ಮೊಸರು ಬೀಳುವುದು ರುಚಿಗೆಂದೇ ಇರಬಹುದು, ಆದರೂ ಆ ಜೋಡಿ ನನಗೆ ಸಂತೋಷ ಕೊಡುತ್ತದೆ.

ಹತ್ತಿಕಾಳಿನ ಮಾತೂ ಒಂದಿಷ್ಟು ಆಗಲಿ. ಎಮ್ಮೆಗೆ ಹತ್ತಿಕಾಳು ಇಟ್ಟರೆ ಹಾಲು ಗಟ್ಟಿ, ಬೆಣ್ಣೆ ಹೆಚ್ಚು. ಅದರಲ್ಲಿ ಗಾಸಿಪಾಲ್ ಎಂಬ ವಿಷವಿದೆ. ಬೆಳೆದ ದನದ ರೂಮೆನ್ನಿನಲ್ಲಿ ಅದು ಪ್ರೋಟೀನಿಗೆ ಅಂಟಿ ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆ, ರೂಮೆನ್ ಬಲಿಯದ ಕರುವಿಗೆ ಆ ರಕ್ಷಣೆಯಿಲ್ಲ. ಮನುಷ್ಯನಿಗೂ ಇಲ್ಲ. ಶುದ್ಧೀಕರಿಸದ ಹತ್ತಿಕಾಳಿನ ಎಣ್ಣೆ ತಿಂದ ಚೀನಾದ ಹಳ್ಳಿಗಳಲ್ಲಿ ಮಕ್ಕಳಾಗುವುದು ನಿಂತಾಗ ಅದು ಬೆಳಕಿಗೆ ಬಂತು. ಗಾಸಿಪಾಲನ್ನೇ ಗಂಡಸರ ಗರ್ಭನಿರೋಧಕ ಮಾಡಬಹುದೆಂದು 1970ರ ದಶಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದರು. ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯಿತು, ಕೆಲವರಿಗೆ ಫಲವತ್ತತೆ ಮರಳಲೇ ಇಲ್ಲ. ಕೈಬಿಟ್ಟರು.

ನಾರು ಹುದುಗಿದಾಗ ಹುಟ್ಟುವ ಆ ಚಿಕ್ಕ ಆಮ್ಲಗಳ ಕಥೆ ಕೇಂಬ್ರಿಜ್ಜಿನದು. ಕುರಿಯ ರೂಮೆನ್ನಿನಿಂದ ಹೊರಡುವ ರಕ್ತವನ್ನು ಬೇರೆ ಕಡೆಯ ರಕ್ತದ ಜೊತೆ ಹೋಲಿಸಿ, ಹುದುಗಿನ ಆಮ್ಲಗಳು ನೇರ ರಕ್ತಕ್ಕೆ ಸೇರುತ್ತವೆಂದು ಜೋಸೆಫ್ ಬಾರ್‌ಕ್ರಾಫ್ಟ್ ಮತ್ತು ಜೊತೆಗಾರರು 1944ರಲ್ಲಿ ತೋರಿಸಿದರು. ಅದೇ ಊರಿನಲ್ಲಿ 1987ರಲ್ಲಿ ಜಾನ್ ಕಮಿಂಗ್ಸ್, ಹಠಾತ್ತಾಗಿ ತೀರಿಕೊಂಡವರ ಕರುಳು ಮತ್ತು ರಕ್ತವನ್ನು ಪರೀಕ್ಷಿಸಿ ಮನುಷ್ಯರಲ್ಲೂ ಅವೇ ಆಮ್ಲಗಳನ್ನು ಕಂಡರು. ನಮಗೆ ಅವುಗಳಿಂದ ಸಿಗುವ ಶಕ್ತಿ ಹೆಚ್ಚೆಂದರೆ ನೂರಕ್ಕೆ ಹತ್ತು ಪಾಲು. ಆದರೆ ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರಿಕ್ ಆಮ್ಲವೇ ಮುಖ್ಯ ಆಹಾರ ಎಂದು 1980ರಲ್ಲೇ ಗೊತ್ತಾಗಿತ್ತು. ನಾರು ಉಣ್ಣಬೇಕೆಂಬ ಸಲಹೆಗೆ ಮಲಬದ್ಧತೆಯ ಆಚೆಗೂ ಒಂದು ಅರ್ಥ ಬಂದದ್ದು ಹೀಗೆ.

ಹುದುಗಿನ ಅಭ್ಯಾಸ ನಮ್ಮಲ್ಲೂ ನಡೆಯುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ದನದ ತೇಗಿನಲ್ಲಿ ಹೋಗುವ ಮೀಥೇನನ್ನು ಇಳಿಸಲು ಹುಣಸೆಬೀಜದ ಸಿಪ್ಪೆಯ ಒಗರನ್ನು ಬಳಸಿಕೊಂಡವರು ಅಲ್ಲಿಯ ವಿಜ್ಞಾನಿಗಳು. ಮೇವಿನ ಗುಣ ಅಳೆಯಲು ಇಂಥ ಕಡೆಗಳಲ್ಲಿ ಬಳಸುವ ವಿಧಾನ 1979ರಲ್ಲಿ ಜರ್ಮನಿಯ ಹೊಹೆನ್‌ಹೈಮ್‌ನಲ್ಲಿ ರೂಪುಗೊಂಡದ್ದು. ನೂರು ಮಿಲಿಲೀಟರಿನ ಗಾಜಿನ ಸಿರಿಂಜು, ಅದರೊಳಗೆ 200 ಮಿಲಿಗ್ರಾಂ ಪುಡಿ ಮಾಡಿದ ಮೇವು, ಸೋಸಿದ ರೂಮೆನ್ ರಸ, ಎಮ್ಮೆಯ ಜೊಲ್ಲನ್ನು ಹೋಲುವ ಸೋಡಾ ನೀರು. 39 ಡಿಗ್ರಿಯಲ್ಲಿ ಇಟ್ಟರೆ ಹುದುಗು ಹುಟ್ಟಿ ಗಾಳಿ ಒತ್ತಿ ಪಿಸ್ಟನ್ ಮೆಲ್ಲಗೆ ಜರುಗುತ್ತದೆ. ಎಡಬರಿಗೆ ಒತ್ತಿದ ಮುಷ್ಟಿಯನ್ನು ರೂಮೆನ್ ಒಳಗಿನಿಂದ ತಳ್ಳುತ್ತದಲ್ಲ, ಹಾಗೆ. ಮನುಷ್ಯರ ಆಹಾರವನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಅದೇ ಬಗೆಯ ಏರ್ಪಾಡಿದೆ. ರಸದ ಬದಲು ಮಲದ ದ್ರಾವಣ, ಶಾಖ 37 ಡಿಗ್ರಿ, ಕಣಿಕಿಯ ಪುಡಿ ಇರಬೇಕಾದ ಜಾಗದಲ್ಲಿ ಧಾನ್ಯದ ನಾರು, ಕೆಲವೊಮ್ಮೆ ಜೋಳದ್ದೇ. ಇಪ್ಪತ್ನಾಲ್ಕು ತಾಸು ತುಂಬಿದ ಮೇಲೆ ಯಾರೋ ಒಬ್ಬರು ಬಾಗಿ, ಗಾಜಿನ ಮೇಲಿನ ಗೆರೆಗಳನ್ನು ಎಣಿಸಿ, ಪಿಸ್ಟನ್ ಎಲ್ಲಿಗೆ ಬಂದು ನಿಂತಿದೆ ಎಂದು ಬರೆದುಕೊಳ್ಳುತ್ತಾರೆ.